ಔಷಧಿ ಹೊಡೆದು ಬಂದವರು ಕುಸಿದರೆ ಏನು ಮಾಡಬೇಕು? ಅನುಭವ ಇರುವವರು ತಿಳಿಸಿ

ಪ್ರಶ್ನೆ, ಪಾಂಡವಪುರ ತಾಲ್ಲೂಕಿನಿಂದ:
ನಮ್ಮ ಚಿಕ್ಕಪ್ಪ ಬದನೆ ಗಿಡಗಳಿಗೆ ಔಷಧಿ ಹೊಡೆದು ಬಂದ ಸಂಜೆ ವಾಂತಿ ಮಾಡಿಕೊಂಡು, ಮೈಯೆಲ್ಲ ಬೆವೆತು, ಜೊಲ್ಲು ಸುರಿಸುತ್ತ ಜಗುಲಿಯ ಮೇಲೆ ಕುಸಿದರು. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿಸಲು ಬಂದವರೂ ಇದ್ದರು. ಈಗ ಚೇತರಿಸಿಕೊಂಡಿದ್ದಾರೆ. ಇದನ್ನು ಗುರುತಿಸುವುದು ಹೇಗೆ? ಆಸ್ಪತ್ರೆ ಮುಟ್ಟುವವರೆಗೆ ಏನು ಮಾಡಬೇಕು?

ಮೈಸೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ಘಟಕದ ಶುಶ್ರೂಷಕಿ:
ಮೊದಲು ಕಣ್ಣು ನೋಡಿ. ಬಿಸಿಲು ಬಡಿದವರಿಗೂ ವಾಂತಿ, ಸುಸ್ತು ಇರುತ್ತದೆ. ಆದರೆ ಕೀಟನಾಶಕದ ವಿಷ ಏರಿದವರ ಕಣ್ಣಿನ ಪಾಪೆ ಸಾಮಾನ್ಯವಾಗಿ ಸಾಸಿವೆ ಕಾಳಿನಷ್ಟು ಕುಗ್ಗಿರುತ್ತದೆ. ಜೊಲ್ಲು, ಕಣ್ಣೀರು, ಬೆವರು, ಭೇದಿ ಎಲ್ಲವೂ ಒಟ್ಟಿಗೆ ಬರುತ್ತವೆ. ತೋಳು, ತೊಡೆಯ ಮಾಂಸ ಚರ್ಮದಡಿ ತಾನಾಗಿಯೇ ಅದುರುತ್ತದೆ. ಎದೆಯಲ್ಲಿ ಗೊರಗೊರ ಸದ್ದು ಕೇಳಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿಯಿರಿ. ಆಗ ಒಂದು ನಿಮಿಷವೂ ಕಾಯಬಾರದು, 108ಕ್ಕೆ ಕರೆ ಮಾಡಿ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಆರ್ಗನೊಫಾಸ್ಫೇಟ್ ಔಷಧಿಗಳು ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಯುದ್ಧದ ವಿಷಾನಿಲ ಸಾರಿನ್ ಕೂಡ ಇದೇ ಕುಲದ್ದು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಬಿಟ್ಟಾಗ, ರೋಗಿಗಳ ಬಟ್ಟೆಯಿಂದ ಎದ್ದ ಆವಿ ಆಸ್ಪತ್ರೆಯ ಸಿಬ್ಬಂದಿಗೂ ತಗುಲಿತು. ಆದ್ದರಿಂದ ನೆನೆದ ಬಟ್ಟೆ ಬಿಚ್ಚಿಸುವುದನ್ನು ಆಸ್ಪತ್ರೆಗೆ ಬಿಡಬೇಡಿ, ಹೊಲದ ಬದಿಯಲ್ಲೇ ಮಾಡಿ.

ನಮ್ಮಲ್ಲಿಗೆ ಬಂದ ಮೇಲೆ ಅಟ್ರೋಪಿನ್ ಚುಚ್ಚುಮದ್ದೇ ಮುಖ್ಯ ಆಸರೆ. ಪ್ರತಿ ಐದು ನಿಮಿಷಕ್ಕೆ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುತ್ತೇವೆ, ಕಂಕುಳಿಗೆ ಕೈ ಹಾಕಿ ಬೆವರು ಆರಿದೆಯೇ ಎಂದು ನೋಡುತ್ತೇವೆ. ಆರದಿದ್ದರೆ ವೈದ್ಯರು ಪ್ರಮಾಣವನ್ನು ಇಮ್ಮಡಿ ಮಾಡುತ್ತಾ ಹೋಗುತ್ತಾರೆ. ಕೆಲವರಿಗೆ ಹತ್ತಾರು ಆಂಪ್ಯೂಲ್ ಬೇಕಾಗುತ್ತದೆ, ಮನೆಯವರು ಅದಕ್ಕೆ ಗಾಬರಿಯಾಗಬಾರದು. ಪ್ರಮಾಣ ಹೆಚ್ಚಾದಾಗ ರೋಗಿ ಬಡಬಡಿಸುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾರೆ. ಹಾಗೆ ಕಂಡರೆ ನಮಗೆ ತಿಳಿಸಿ, ಪ್ರಮಾಣ ತಗ್ಗಿಸುತ್ತಾರೆ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವ ಮದ್ದು ಪ್ರಾಲಿಡಾಕ್ಸಿಮ್ ಕೊಡಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ, ಅಪಸ್ಮಾರದಂತೆ ಸೆಳೆತ ಬಂದರೆ ಡಯಜೆಪಾಮ್ ಕೊಡುತ್ತಾರೆ.

ಮದ್ದೂರು ಕಡೆಯ ಕಬ್ಬು ಬೆಳೆಗಾರ:
ನಮ್ಮ ಊರಲ್ಲಿ ಇಂಥ ಹೊತ್ತಿನಲ್ಲಿ ಹುಣಸೆ ನೀರು, ಉಪ್ಪು ನೀರು, ಸಗಣಿ ನೀರು ಹಿಡಿದು ಓಡಿ ಬರುವವರು ಇನ್ನೂ ಇದ್ದಾರೆ. ಕೈಮುಗಿದು ಹೇಳುತ್ತೇನೆ, ಯಾವುದನ್ನೂ ಕುಡಿಸಬೇಡಿ. ವಾಂತಿ ಮಾಡಿಸಲು ಹೋದರೆ ಔಷಧಿಯಲ್ಲಿರುವ ಎಣ್ಣೆ ಉಸಿರಿನ ನಾಳಕ್ಕೆ ಇಳಿಯುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿಯಲ್ಲಿರುವುದು ಹೊರಗೆ ಹರಿಯಲಿ. ಕೈಗೆ ಕೈಗವಸು ಇಲ್ಲವೇ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಲೆಗೂದಲು, ಕಿವಿ ಹಿಂಭಾಗ, ಉಗುರಿನ ಸಂದಿಯವರೆಗೆ ಸೋಪು ಹಾಕಿ ತೊಳೆಯಿರಿ. ಆದರೆ ಉಸಿರು ಕಷ್ಟವಾಗುತ್ತಿದ್ದರೆ ತೊಳೆಯುತ್ತ ಕೂರಬೇಡಿ, ಬಟ್ಟೆ ತೆಗೆದು ಹೊರಡಿ. ಡಬ್ಬಿಯ ಚೀಟಿಯ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕಳೆನಾಶಕವೋ ಕೀಟನಾಶಕವೋ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಕೆಂಪು ತ್ರಿಕೋನ ಇದ್ದರೆ ಅತಿ ವಿಷ ಎಂದರ್ಥ.

ಮೈಸೂರಿನ ರಕ್ತದಾನ ಕಾರ್ಯಕರ್ತ:
2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ದೇವಸ್ಥಾನದ ಪ್ರಸಾದದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆಸಿದ್ದರು, 17 ಮಂದಿ ತೀರಿಕೊಂಡರು. ಅಂದು ಮೈಸೂರಿನ ಆಸ್ಪತ್ರೆಗಳು ತುಂಬಿದ್ದವು. ಒಂದೇ ಊಟ ಮಾಡಿದ ಹಲವರಿಗೆ ಒಮ್ಮೆಗೇ ಜೊಲ್ಲು, ವಾಂತಿ ಬಂದರೆ ವಿಷದ ಅನುಮಾನವನ್ನು ಬಾಯಿಬಿಟ್ಟು ಹೇಳಿ.

ತಾವೇ ವಿಷ ಕುಡಿದಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ಶಿಕ್ಷಿಸುವ ಬದಲು ಆರೈಕೆ ಕೊಡಬೇಕು ಎನ್ನುತ್ತದೆ. ಬೈಯುವುದಂತೂ ಬೇಡವೇ ಬೇಡ. ಮಾತನಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಇದೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800 116 117, ವೈದ್ಯರೂ ಅಲ್ಲಿ ಕೇಳಬಹುದು.

ಶುಶ್ರೂಷಕಿ ಮತ್ತೊಮ್ಮೆ:
ಒಂದು ಮಾತು ಬಿಟ್ಟುಹೋಗಿತ್ತು. ಚೇತರಿಸಿಕೊಂಡರು ಎಂದು ಮರುದಿನವೇ ಮನೆಗೆ ಕರೆದೊಯ್ಯಬೇಡಿ. ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತು, ಉಸಿರಿನ ಸ್ನಾಯುಗಳು ಸೋಲಬಹುದು. ಪಕ್ಕದಲ್ಲಿ ಕೂತವರು ಆಗಾಗ ದಿಂಬಿನಿಂದ ತಲೆ ಎತ್ತಲು ಹೇಳಿ ನೋಡಿ. ಎತ್ತಲಾಗದಿದ್ದರೆ ರೌಂಡ್ಸ್ ಬರುವವರೆಗೆ ಕಾಯದೆ ನಮ್ಮನ್ನು ಕರೆಯಿರಿ.