ಪದಚರ್ಚೆ: ಕತೆ ಹೇಳುವ ‘ನಾನು’ ಪ್ರಥಮ ಪುರುಷವೋ, ಉತ್ತಮ ಪುರುಷವೋ?

ಬಳಗದ ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ 8 ಮತ್ತು 9ನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ. ಬರೀ ನನ್ನ ಅನುಮಾನ ಆಗಿದ್ದರೆ ನಿಘಂಟು ತೆಗೆದು ನೋಡಿ ಸುಮ್ಮನಾಗುತ್ತಿದ್ದೆ. ಆದರೆ ಇದರಿಂದ ಮಕ್ಕಳ ಅಂಕ ಹೋಗಿದೆ, ಅದೂ ಸರಿಯಾಗಿ ಓದಿಕೊಂಡಿದ್ದ ಮಕ್ಕಳದ್ದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. ಒಂದು ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದಿತ್ತು. ಓದದೇ ಇರುವ ಒಂದು ಸಣ್ಣ ಕತೆ ಕೊಟ್ಟು ಕೆಳಗೆ ಐದು ಪ್ರಶ್ನೆ. ಕತೆಯ ಹುಡುಗ ತನ್ನ ಕತೆಯನ್ನು ತಾನೇ ಹೇಳುತ್ತಾನೆ, ‘ನಾನು ಹೋದೆ, ನಾನು ನೋಡಿದೆ’ ಅಂತ. ಮೂರನೇ ಪ್ರಶ್ನೆ: ಈ ಕತೆಯ ನಿರೂಪಣೆ ಯಾವ ಪುರುಷದಲ್ಲಿದೆ? ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ‘ಉತ್ತಮ ಪುರುಷ’ ಎಂದು ಬರೆದರು. ಜೊತೆಗೆ ಬಂದಿದ್ದ ಮಾದರಿ ಉತ್ತರದಲ್ಲಿ ‘ಪ್ರಥಮ ಪುರುಷ’ ಅಂತ ಇತ್ತು. ತಿದ್ದಿದವರು ಮಾದರಿ ಉತ್ತರ ನೋಡಿ ತಿದ್ದಿದರು. ಎಲ್ಲರಿಗೂ ಸೊನ್ನೆ.

ಮರುದಿನ ಒಬ್ಬಳು ಹುಡುಗಿ ಉತ್ತರಪತ್ರಿಕೆ ಮತ್ತು ವ್ಯಾಕರಣದ ನೋಟ್‌ಬುಕ್ ಎರಡನ್ನೂ ತಂದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ನೋಟ್‌ಬುಕ್ಕಿನಲ್ಲಿ ಅವಳದೇ ದುಂಡಗಿನ ಅಕ್ಷರ: ನಾನು, ನಾವು – ಉತ್ತಮ ಪುರುಷ. ನೀನು, ನೀವು – ಮಧ್ಯಮ ಪುರುಷ. ಅವನು, ಅವಳು, ಅವರು, ಅದು, ಅವು – ಪ್ರಥಮ ಪುರುಷ. ‘ಮೇಡಂ, ಇದು ನೀವೇ ಬರೆಸಿದ್ದಲ್ವಾ?’ ಅಂದಳು. ಹೌದು, ನಾನೇ ಬರೆಸಿದ್ದು. ಅದು ಸರಿಯೂ ಹೌದು. ಅವಳಿಗೆ ಆ ಒಂದು ಅಂಕ ಕೊಡಿಸಿದೆ, ಅದು ಬೇರೆ ಮಾತು.

ಆದರೆ ಮಾದರಿ ಉತ್ತರ ಬರೆದವರನ್ನು ಪೂರ್ತಿ ತಪ್ಪು ಅಂತಲೂ ಹೇಳಲಾರೆ, ತೊಂದರೆ ಇರುವುದೇ ಅಲ್ಲಿ. ಕತೆ ಕಾದಂಬರಿಗಳ ವಿಮರ್ಶೆಯಲ್ಲಿ, ಪುಸ್ತಕ ಪರಿಚಯದಲ್ಲಿ ‘ಪ್ರಥಮ ಪುರುಷ ನಿರೂಪಣೆ’ ಅಂತ ಬರೆದಿದ್ದನ್ನು ನೀವೂ ಓದಿರುತ್ತೀರಿ. ಅಲ್ಲಿ ಅವರು ಹೇಳುತ್ತಿರುವುದು ‘ನಾನು’ ಹೇಳುವ ಕತೆಯನ್ನೇ. ಅದು ಇಂಗ್ಲಿಷಿನ ಫಸ್ಟ್ ಪರ್ಸನ್ ಅನ್ನುವುದರ ನೇರ ಅನುವಾದ. ಇನ್ನು ಕೆಲವರು ಅದನ್ನೇ ‘ಉತ್ತಮ ಪುರುಷ ನಿರೂಪಣೆ’ ಅನ್ನುತ್ತಾರೆ. ಹೀಗಾಗಿ ಒಂದೇ ಪದ ವ್ಯಾಕರಣದ ಪೀರಿಯಡ್ಡಿನಲ್ಲಿ ‘ಅವನು’, ಕತೆಯ ಪೀರಿಯಡ್ಡಿನಲ್ಲಿ ‘ನಾನು’. ಅದೇ ಕೋಣೆ, ಅದೇ ಟೀಚರು, ಅದೇ ಮಕ್ಕಳು. ಇಂಗ್ಲಿಷ್ ಪೀರಿಯಡ್ಡಿಗೆ ಹೋದರೆ ಫಸ್ಟ್ ಪರ್ಸನ್ ಅಂದರೆ ‘ಐ’. ಹಿಂದಿಯಲ್ಲಿ ಮತ್ತೆ ಉತ್ತಮ ಪುರುಷ ಅಂದರೆ ‘ಮೈಂ’. ಹದಿಮೂರು ವರ್ಷದ ಮಗು ಇದನ್ನೆಲ್ಲ ದಿನವೂ ತಲೆಯಲ್ಲಿ ಹೊತ್ತು ತಿರುಗಬೇಕು.

ಇದರ ಬೇರು ಎಲ್ಲಿದೆ ಅಂತ ಮಕ್ಕಳಿಗೆ ಹೇಳಿದಾಗ ಅವರಿಗೆ ಅರ್ಧ ಗೊಂದಲ ಹೋಯಿತು, ಅದಕ್ಕೆ ಇಲ್ಲೂ ಹೇಳುತ್ತೇನೆ. ಸಂಸ್ಕೃತ ವ್ಯಾಕರಣದಲ್ಲಿ ಕ್ರಿಯಾಪದದ ಪ್ರತ್ಯಯಗಳ ಪಟ್ಟಿ ಶುರುವಾಗುವುದೇ ‘ಅವನು’ ಎಂಬಲ್ಲಿಂದ. ಪಾಣಿನಿಯ ಪಟ್ಟಿ ‘ತಿಪ್ ತಸ್ ಝಿ’ ಅಂತ ಹೊರಡುತ್ತದೆ. ಆ ಮೂರು ಮೊದಲು ಬಂದವು, ಆದ್ದರಿಂದ ಪ್ರಥಮ. ‘ನೀನು’ ನಡುವೆ, ಅದು ಮಧ್ಯಮ. ‘ನಾನು’ ಕೊನೆಗೆ, ಅದು ಉತ್ತಮ. ಇಲ್ಲಿ ‘ಉತ್ತಮ’ ಅಂದರೆ ಒಳ್ಳೆಯದು ಅಂತಲ್ಲ, ಕೊನೆಯದು, ತುದಿಯದು ಅಂತ. ‘ಶಬ್ದಮಣಿದರ್ಪಣ’ ಅನ್ನುವ ಕನ್ನಡ ವ್ಯಾಕರಣ ಬರೆದ ಕೇಶಿರಾಜನೂ 13ನೇ ಶತಮಾನದಲ್ಲಿ ಹಳಗನ್ನಡದ ಪ್ರತ್ಯಯಗಳನ್ನು ಹೇಳುವಾಗ ಇದೇ ಸಾಲು ಹಿಡಿದ: ಅಂ, ಅರ್, ಅಯ್, ಇರ್, ಎಂ, ಎವು. ಅವನು, ಅವರು, ನೀನು, ನೀವು, ಕೊನೆಗೆ ನಾನು, ನಾವು. ಗ್ರೀಕ್ ಲ್ಯಾಟಿನ್ ವೈಯಾಕರಣರು ಮಾತಾಡುವವನಿಂದ ಎಣಿಸಿದರು, ಇಂಗ್ಲಿಷಿಗೆ ಬಂದದ್ದು ಆ ಎಣಿಕೆ. ಎರಡು ಕಡೆಯಿಂದ ಎಣಿಸಿಕೊಂಡು ಬಂದವರು ನಮ್ಮ ಕನ್ನಡದ ಕೋಣೆಯಲ್ಲಿ ಎದುರುಬದುರಾಗಿದ್ದಾರೆ, ಅಷ್ಟೇ.

ಪಕ್ಕದ ಭಾಷೆಗಳನ್ನು ನೋಡಿದರೆ ತೆಲುಗು, ಮಲಯಾಳಂ ನಮ್ಮ ಹಾಗೆಯೇ, ಅಲ್ಲೂ ಉತ್ತಮ ಪುರುಷ ಅಂದರೆ ನಾನು. ಮರಾಠಿಯವರು ಬದಲಾಯಿಸಿಕೊಂಡುಬಿಟ್ಟಿದ್ದಾರೆ, ಅಲ್ಲಿ ಪ್ರಥಮ ಪುರುಷ ಅಂದರೆ ‘ಮೀ’, ಅಂದರೆ ನಾನು. ತಮಿಳಿನಲ್ಲಿ ಈ ಜಗಳವೇ ಇಲ್ಲ. ತನ್ಮೈ, ಮುನ್ನಿಲೈ, ಪಡರ್ಕ್ಕೈ. ತಾನು, ಮುಂದೆ ನಿಂತವರು, ಆಚೆ ಇರುವವರು. ಎಣಿಕೆಯೂ ಇಲ್ಲ, ಪುರುಷನೂ ಇಲ್ಲ. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ.

‘ಪುರುಷ’ದ ಮಾತು ಬಂತಲ್ಲ. ಪ್ರತಿ ವರ್ಷ ಜೂನಿನಲ್ಲಿ ಯಾರಾದರೂ ಒಬ್ಬ ಹುಡುಗಿ ಕೇಳಿಯೇ ಕೇಳುತ್ತಾಳೆ: ‘ಅವಳು ಬಂದಳು’ ಅನ್ನುವುದು ಸ್ತ್ರೀಲಿಂಗ ಅಲ್ವಾ, ಮತ್ತೆ ಅದು ಹೇಗೆ ಪುರುಷ ಆಯ್ತು? ಒಳ್ಳೆಯ ಪ್ರಶ್ನೆ. ಲಿಂಗ ಬೇರೆ, ಪುರುಷ ಬೇರೆ ಅಂತ ಬಿಡಿಸಿ ಹೇಳುತ್ತೇನೆ. ಅದಾದ ಮೇಲೆ ವಿಭಕ್ತಿ ಬರುತ್ತದೆ, ಅಲ್ಲಿ ‘ನಾನು’ ಪ್ರಥಮಾ ವಿಭಕ್ತಿ. ಅಂದರೆ ‘ನಾನು’ ಪ್ರಥಮಾ ವಿಭಕ್ತಿಯಲ್ಲಿರುವ ಉತ್ತಮ ಪುರುಷ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ತರಗತಿ ಪೂರ್ತಿ ಮೌನ.

ಈಗ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಕತೆ ಹೇಳುವವರು ಯಾರು ಅನ್ನುವುದನ್ನು ಪಾರಿಭಾಷಿಕ ಪದ ಇಲ್ಲದೆ, ಬರೀ ಕ್ರಿಯಾಪದ ನೋಡಿ ಹುಡುಕಿಸಿದರೆ ಹೇಗೆ ಅಂತ. ಕನ್ನಡದಲ್ಲಿ ಅದು ಆಗುತ್ತದೆ, ಯಾಕೆಂದರೆ ನಾವು ‘ನಾನು’ ಅನ್ನುವುದನ್ನು ಸುಮಾರು ಸಲ ಬಿಟ್ಟೇ ಮಾತಾಡುತ್ತೇವೆ. ‘ಬಂದೆ, ಕೂತೆ, ಊಟ ಮಾಡಿದೆ.’ ಹೇಳುವವರು ಯಾರು ಅನ್ನುವುದು ಬಾಲದಲ್ಲೇ ಇದೆ.

ಮಳೆಗಾಲದ ರಜೆ ಮುಗಿದ ಮೇಲೆ, ಶಾಲೆಗೆ ಬರುವ ದಾರಿಯ ಬಗ್ಗೆ ಐದು ಸಾಲಿನ ಕತೆ ಬರೆಯಿರಿ ಅಂದಿದ್ದೆ. ಹಳ್ಳ ದಾಟಿ ಬರುವ ಒಬ್ಬ ಹುಡುಗ ಬರೆದದ್ದು ಇದು:

‘ಹಳ್ಳ ತುಂಬಿತ್ತು. ಸಂಕದ ಮೇಲೆ ಕಾಲಿಟ್ಟೆ. ಅಡಿಕೆ ದಬ್ಬೆ ಜಾರುತ್ತಿತ್ತು. ನಮ್ಮನೆ ನಾಯಿ ಹಿಂದೆ ಹಿಂದೆ ಬಂತು. ಕಣ್ಣು ಮುಚ್ಚಿ ದಾಟಿದೆ.’

(ಬಯಲುಸೀಮೆಯವರಿಗೆ: ಸಂಕ ಅಂದರೆ ಹಳ್ಳಕ್ಕೆ ಅಡ್ಡ ಹಾಕುವ ಕಿರು ಸೇತುವೆ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದರೆ ಮಳೆಯಲ್ಲಿ ಪಾಚಿ ಕಟ್ಟಿ ಸೋಪಿನ ಹಾಗೆ ಜಾರುತ್ತದೆ.)

ಐದನೇ ಸಾಲಿಗೆ ತರಗತಿ ಎರಡು ಪಾಲಾಯಿತು. ದಾಟಿದ್ದು ಯಾರು? ಹುಡುಗ ಅಂತ ಕೆಲವರು, ನಾಯಿ ಅಂತ ಕೆಲವರು. ಎರಡು ಪಾಲಿನವರೂ ಸರಿ! ‘(ನಾನು) ದಾಟಿದೆ’ ಆಗುತ್ತದೆ. ‘(ನಾಯಿ) ದಾಟಿದೆ’ಯೂ ಆಗುತ್ತದೆ, ಅದು ದಾಟಿ ಇದೆ, ದಾಟಿದೆ. ಹಿಂದಿನ ವಾಕ್ಯದಲ್ಲಿ ನಾಯಿ ಬಂದು ನಿಂತಿದೆ ಬೇರೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು, ‘ನೀನು ದಾಟಿದೆ ಅಂತಲೂ ಆಗತ್ತಲ್ಲ ಮೇಡಂ’ ಅಂದ. ನನಗೆ ಮೈ ಜುಮ್ಮೆಂದಿತು. ನಾನು, ನೀನು, ಅದು ಮೂರಕ್ಕೂ ಒಂದೇ ‘ದಾಟಿದೆ’. ಮೂರು ಪುರುಷಗಳೂ ಒಂದು ಪದದ ಒಳಗೆ. ಇಷ್ಟು ವರ್ಷ ಪಾಠ ಮಾಡಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾದರೆ ಬಿಡಿಸುವುದು ಹೇಗೆ? ಮಕ್ಕಳೇ ಹುಡುಕಿದರು. ಎರಡನೇ ವಾಕ್ಯಕ್ಕೆ ಹೋದರು. ‘ಕಾಲಿಟ್ಟೆ.’ ನಾಯಿ ಆಗಿದ್ದರೆ ‘ಕಾಲಿಟ್ಟಿತು’ ಅಥವಾ ‘ಕಾಲಿಟ್ಟಿದೆ’ ಆಗಬೇಕಿತ್ತು, ‘ಕಾಲಿಟ್ಟೆ’ ಆಗುತ್ತಿರಲಿಲ್ಲ. ಅಂದರೆ ಹೇಳುವವನು ಹುಡುಗ. ಹಾಗಿದ್ದರೆ ಕೊನೆಯ ಸಾಲಿನಲ್ಲಿ ‘ದಾಟಿದೆನು’ ಅಂತ ಬರೆದರೆ ಅನುಮಾನವೇ ಉಳಿಯುವುದಿಲ್ಲ. ‘ಪುಸ್ತಕದಲ್ಲಿ ಬಂದೆನು, ಹೋದೆನು ಅಂತ ಯಾಕೆ ಇರತ್ತೆ, ಯಾರೂ ಹಾಗೆ ಮಾತಾಡಲ್ಲ’ ಅಂತ ಯಾವಾಗಲೂ ಗೊಣಗುವ ಮಕ್ಕಳಿಗೆ ಆ ‘ನು’ ಏನು ಕೆಲಸ ಮಾಡುತ್ತದೆ ಅನ್ನುವುದು ಅವತ್ತು ಕಣ್ಣೆದುರು ಕಂಡಿತು. ಆಖ್ಯಾತ ಪ್ರತ್ಯಯದ, ಅಂದರೆ ಕ್ರಿಯಾಪದದ ಈ ಬಾಲಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸಿದ್ದರೆ ಇದು ಬರುತ್ತಿತ್ತಾ?

ಆಮೇಲೆ ಅದೇ ಐದು ಸಾಲನ್ನು ‘ಅವನು’ ಹಾಕಿ ಬರೆಸಿದೆ. ಕಾಲಿಟ್ಟನು, ದಾಟಿದನು. ‘ನಮ್ಮನೆ ನಾಯಿ’ ಹೋಗಿ ‘ಅವರ ಮನೆ ನಾಯಿ’ ಆಯಿತು. ಒಬ್ಬಳು ಅಂದಳು, ‘ನಾನು ಅಂತ ಇದ್ದಾಗ ಅವನು ಬದುಕಿದ್ದಾನೆ ಅಂತ ಮೊದಲೇ ಗೊತ್ತಾಗತ್ತೆ. ಅವನು ಅಂತ ಮಾಡಿದ್ರೆ ಗೊತ್ತಾಗಲ್ಲ, ಬೀಳಬಹುದು.’ ನಿರೂಪಣೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಇಲ್ಲಿ ನಮ್ಮ ಕಡೆಯದೇ ಒಂದು ತೊಡಕಿದೆ, ಅದಕ್ಕೂ ನಿಮ್ಮ ಅಭಿಪ್ರಾಯ ಬೇಕು. ಮಲೆನಾಡಿನ ಸುಮಾರು ಮನೆಗಳಲ್ಲಿ ‘ಅಜ್ಜಿ ಬಂತು’, ‘ಅಮ್ಮ ಹೇಳ್ತು’ ಅನ್ನುತ್ತಾರೆ. ಹವ್ಯಕರ ಮಾತಿನಲ್ಲಂತೂ ಹೆಂಗಸರಿಗೆ ‘ಅದು’ ಅನ್ನುವುದೇ ರೂಢಿ. ಅದು ಅಸಡ್ಡೆ ಅಲ್ಲ, ಸಲಿಗೆ. ಮಕ್ಕಳು ಕತೆಯಲ್ಲೂ ಹಾಗೇ ಬರೆಯುತ್ತಾರೆ: ‘ಅಜ್ಜಿ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಯ್ತು.’ ಮೊದಲೆಲ್ಲ ಕೆಂಪು ಶಾಯಿಯಲ್ಲಿ ‘ಹೋದಳು’ ಅಥವಾ ‘ಹೋದರು’ ಅಂತ ತಿದ್ದುತ್ತಿದ್ದೆ. ಈಗ ಹೇಳುವವರು ಯಾರು ಅಂತ ನೋಡಿ ತಿದ್ದುತ್ತೇನೆ. ‘ನಾನು’ ಹೇಳುವ ಕತೆಯಾದರೆ ಆ ನಾನು ಮಲೆನಾಡಿನ ಮಗು, ಅದರ ಬಾಯಲ್ಲಿ ಅಜ್ಜಿ ‘ಹೋಯ್ತು’ ಅನ್ನುವುದೇ ಸರಿ, ಮುಟ್ಟುವುದಿಲ್ಲ. ಹೊರಗೆ ನಿಂತು ಹೇಳುವ ಕತೆಯಾದರೆ ‘ಹೋದಳು’ ಅಂತ ಮಾಡಿಸುತ್ತೇನೆ, ಮಾತುಕತೆಯ ಸಾಲುಗಳನ್ನು ಬಿಟ್ಟು. ಇದು ಸರಿಯಾದ ಗೆರೆಯಾ? ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಪಾಠ ಮಾಡುವವರು ಏನು ಮಾಡುತ್ತೀರಿ?

ಇನ್ನೊಂದು ಪದ, ಬೇಗ ಹೇಳಿ ಮುಗಿಸುತ್ತೇನೆ. ಎಲ್ಲರ ಮನಸ್ಸಿನಲ್ಲಿರುವುದೂ ಗೊತ್ತಿರುವ ಹಾಗೆ ಹೇಳುವವರಿಗೆ ‘ಸರ್ವಜ್ಞ ನಿರೂಪಕ’ ಅನ್ನುತ್ತೇವೆ. ತ್ರಿಪದಿ ಕಲಿತ ಮಕ್ಕಳಿಗೆ ಇದನ್ನು ಹೇಳಿದರೆ ಏನಾಗುತ್ತದೆ? ‘ಈ ಕತೆಯನ್ನು ಸರ್ವಜ್ಞ ಹೇಳಿದ್ದಾನೆ’ ಎಂದು ಬರೆದುಕೊಟ್ಟಿದ್ದಾರೆ. ಮಗುವಿನ ತಪ್ಪಲ್ಲ ಅದು. ಪದ ಆರಿಸಿದ ನಮ್ಮದು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ವ್ಯಾಕರಣದಲ್ಲಿ ಉತ್ತಮ, ಮಧ್ಯಮ, ಪ್ರಥಮ ಹಾಗೇ ಇರಲಿ, ಕೇಶಿರಾಜನ ಕಾಲದಿಂದ ಬಂದದ್ದನ್ನು ನಾವು ಬದಲಾಯಿಸುವುದು ಬೇಡ. ಕೆಲವು ಪುಸ್ತಕಗಳು ‘ಪ್ರಥಮ’ದ ಬದಲು ‘ಅನ್ಯ ಪುರುಷ’ ಅನ್ನುತ್ತವೆ, ಅದು ಒಳ್ಳೆಯದು, ಅದರಿಂದ ಅರ್ಧ ಗೊಂದಲ ತಪ್ಪುತ್ತದೆ. ಆದರೆ ಕತೆಯ ಪಾಠದಲ್ಲಿ ‘ಪ್ರಥಮ ಪುರುಷ ನಿರೂಪಣೆ’ ಅನ್ನುವುದನ್ನು ಪೂರ್ತಿ ಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಜಾಗಕ್ಕೆ ನಮ್ಮ ತರಗತಿಯಲ್ಲಿ ಈಗ ‘ನಾನು-ಕತೆ’, ‘ಅವನು-ಕತೆ’, ‘ಅವಳು-ಕತೆ’ ಅನ್ನುತ್ತಿದ್ದೇವೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರು, ಇದು ತೀರಾ ಪ್ರೈಮರಿ ಸ್ಕೂಲಿನ ಮಾತಾಯಿತು, ಮುಂದೆ ಪಿಯುಸಿಗೆ ಹೋದಾಗ ವಿಮರ್ಶೆಯ ಪದ ಗೊತ್ತಿರಬೇಡವಾ ಅಂದರು. ಅವರ ಮಾತಿನಲ್ಲೂ ಹುರುಳಿದೆ. ‘ಉತ್ತಮ ಪುರುಷ ನಿರೂಪಣೆ’ ಅಂತ ಕಲಿಸಿದರೆ ವ್ಯಾಕರಣಕ್ಕೂ ಹೊಂದುತ್ತದೆ, ಸಾಹಿತ್ಯಕ್ಕೂ ಆಗುತ್ತದೆ. ಆದರೆ ಹದಿಮೂರು ವರ್ಷದ ಹುಡುಗಿ ತನ್ನ ಕತೆ ತಾನು ಬರೆದು, ಅದರ ಮೇಲೆ ‘ಉತ್ತಮ ಪುರುಷ’ ಅಂತ ಹೆಸರು ಹಾಕುವುದು ನನಗೆ ಯಾಕೋ ಒಗ್ಗುತ್ತಿಲ್ಲ.

ಬಳಗದಲ್ಲಿ ಹಳೆಯ ಪತ್ರಿಕೆ, ಹಳೆಯ ಪಠ್ಯ ಓದಿದವರಿದ್ದೀರಿ. ಕನ್ನಡ ಸಣ್ಣ ಕತೆಗಳ ಬಗ್ಗೆ ಬರೆಯಲು ಶುರು ಮಾಡಿದ ಕಾಲದಲ್ಲಿ ‘ನಾನು’ ಹೇಳುವ ಕತೆಗೆ ಏನೆನ್ನುತ್ತಿದ್ದರು? ‘ಆತ್ಮಕಥನ ಧಾಟಿ’ ಅನ್ನುವ ಮಾತನ್ನು ಎಲ್ಲೋ ಕೇಳಿದ ನೆನಪು. ನಿಮ್ಮ ಊರಿನಲ್ಲಿ, ತಾಳಮದ್ದಳೆಯಲ್ಲಿ, ಹರಿಕತೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ. ತಾಳಮದ್ದಳೆಯ ಅರ್ಥಧಾರಿ ಕರ್ಣನಾಗಿ ‘ನಾನು’ ಅಂತಲೇ ಮಾತಾಡುತ್ತಾರೆ, ಭಾಗವತರು ಕೆಲವು ಪದ್ಯಗಳಲ್ಲಿ ಅದೇ ಕರ್ಣನನ್ನು ‘ಅವನು’ ಅಂತ ಹಾಡುತ್ತಾರೆ, ಹಾಗಾಗಿ ಅಲ್ಲಿ ಏನಾದರೂ ಸಿಗಬಹುದು ಅಂತ ಆಸೆ.

ಮುಂದಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುವ ಸರದಿ ನನ್ನದು. ಸದ್ಯಕ್ಕೆ ಪ್ರಶ್ನೆಯನ್ನು ಹೀಗೆ ಬರೆದಿಟ್ಟಿದ್ದೇನೆ: ‘ಈ ಕತೆಯನ್ನು ಹೇಳುತ್ತಿರುವವರು ಯಾರು? ಅದು ನಿಮಗೆ ಯಾವ ಪದದಿಂದ ಗೊತ್ತಾಯಿತು? ಆ ಪದದ ಕೆಳಗೆ ಗೆರೆ ಎಳೆಯಿರಿ.’ ಎರಡು ಅಂಕ. ಇದರಲ್ಲಿ ಎಲ್ಲಾದರೂ ಮಗು ಎಡವುತ್ತದೆ ಅನ್ನಿಸಿದರೆ ದಯವಿಟ್ಟು ಹೇಳಿ, ಅಚ್ಚಿಗೆ ಕೊಡಲು ಇನ್ನೂ ಹತ್ತು ದಿನ ಇದೆ.