ಓದುಗರ ಸ್ಪಂದನ: ಅಮ್ಮನ ಕಾರ್ಡು ಹೋಯಿತು, ಶೆಡ್ಡಿನವರಿಗೆ ಹೇಗೆ ಸಿಕ್ಕಿತು?

ಕಳೆದ ಸಂಚಿಕೆಯ ಸಮಸ್ಯೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿರುವ ಓದುಗರೊಬ್ಬರು ಬರೆದಿದ್ದರು. ಮಂಡ್ಯ ಜಿಲ್ಲೆಯ ಊರಿನಲ್ಲಿ ಒಬ್ಬರೇ ಇರುವ ಅವರ ತಾಯಿಯ ಬಿಪಿಎಲ್ ಕಾರ್ಡು ಎಪಿಎಲ್ ಆಗಿದೆ. ಅಕ್ಕಿ ನಿಂತಿದೆ. ಹೃದಯದ ಚಿಕಿತ್ಸೆಗೆ ಹೋದರೆ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಸಿಗುವುದು ಶೇ 30 ಮಾತ್ರ, ಉಳಿದದ್ದು ಕೈಯಿಂದ. ಇತ್ತ ಮನೆಯ ಹಿಂದಿನ ಖಾಲಿ ಸೈಟಿನ ಶೆಡ್ಡುಗಳಲ್ಲಿ ಕಸ ಆಯ್ದು ಬದುಕುವವರು ಗಡಿ ದಾಟಿ ಬಂದವರೆಂಬ ಮಾತಿದೆ. ಅವರೆಲ್ಲರ ಹತ್ತಿರವೂ ಆಧಾರ್ ಇದೆ, ರೇಷನ್ನೂ ತರುತ್ತಾರಂತೆ. ಬಡಾವಣೆಯವರು ಪೊಲೀಸರಿಗೆ ದೂರು ಬರೆದು ಸಹಿ ಸಂಗ್ರಹಿಸುತ್ತಿದ್ದಾರೆ. ಗಂಡ ಹಾಕಿಯಾಗಿದೆ. ಮನೆಗೆಲಸಕ್ಕೆ ಬರುವ ಹುಡುಗಿ ಅದೇ ಶೆಡ್ಡಿನವಳು, ತನ್ನದು ಅಸ್ಸಾಂ ಎನ್ನುತ್ತಾಳೆ. ‘ನನ್ನ ಕೋಪ ತಪ್ಪೇ? ಸಹಿ ಹಾಕಲೇ, ಬೇಡವೇ?’ ಎಂದು ಅವರು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಎಲ್ಲರದ್ದೂ ಊರನ್ನಷ್ಟೇ ಕೊಟ್ಟಿದ್ದೇವೆ.

ಹೊಸಕೋಟೆಯಿಂದ

ಸಹಿ ಹಾಕಿ ಅಕ್ಕ, ಇದರಲ್ಲಿ ಯೋಚನೆ ಮಾಡುವುದೇನಿದೆ? ನಾನು ಗಾರೆ ಕೆಲಸದ ಮೇಸ್ತ್ರಿ. ನಮ್ಮ ಹುಡುಗರು ಕೇಳುವ ಕೂಲಿಗಿಂತ ಕಮ್ಮಿಗೆ ಆಳು ತರುತ್ತೇನೆಂದು ಏಜೆಂಟರು ಬರುತ್ತಲೇ ಇರುತ್ತಾರೆ. ಎಲ್ಲಿಯವರಪ್ಪಾ ಎಂದರೆ ‘ಪೇಪರ್ ಎಲ್ಲಾ ಇದೆ ಸಾರ್’ ಎನ್ನುತ್ತಾರೆ, ಊರಿನ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096 ಕಿಲೋಮೀಟರ್. ಅದರಲ್ಲಿ ಹೊಳೆಯೇ ಗಡಿಯಾಗಿರುವ ಕಡೆ ಬೇಲಿ ಹಾಕುವುದಾದರೂ ಎಲ್ಲಿ? ಇದನ್ನು ಬಾಯಿಬಿಟ್ಟು ಹೇಳಿದರೆ ಬಡವರ ವಿರೋಧಿ ಎನ್ನುತ್ತಾರೆ. ಅಸ್ಸಾಮಿನವರೇ 1979ರಿಂದ ಆರು ವರ್ಷ ಬೀದಿಗಿಳಿದದ್ದು ಇದಕ್ಕೇ ಅಲ್ಲವೇ? 1971ರ ಮಾರ್ಚ್ 25ರಿಂದೀಚೆಗೆ ಬಂದವರನ್ನು ಪತ್ತೆ ಹಚ್ಚಿ ಕಳಿಸುತ್ತೇವೆಂದು 1985ರ ಒಪ್ಪಂದದಲ್ಲಿ ಸರ್ಕಾರವೇ ಬರೆದುಕೊಟ್ಟಿತು. ಅವರು ಮಾತಾಡಿದರೆ ಚಳವಳಿ, ನಾವು ಮಾತಾಡಿದರೆ ದ್ವೇಷವೇ? ಪೊಲೀಸರು ಬಂದು ನೋಡಲಿ. ಕಾಗದ ಸರಿಯಿದ್ದವರಿಗೆ ಭಯ ಯಾಕೆ?

ಬೆಂಗಳೂರಿನಿಂದ, ಮೂಲ ಊರು ಕಲಬುರಗಿ ಕಡೆ

ಕಾಗದ ಸರಿ ಇದ್ರ ಭಯ ಯಾಕ ಅಂತ ಮಂದಿ ಅಂತಾರ, ತಂಗಿ. 2020ರ ಜನವರಿಯಾಗ ಬೆಳ್ಳಂದೂರ ಹತ್ರ ಕರಿಯಮ್ಮನ ಅಗ್ರಹಾರದಾಗ ಇದೇ ಮಾತು ಎದ್ದಿತ್ತು. ಬಾಂಗ್ಲಾದವರು ಅಂತ ವಿಡಿಯೋ ಹಬ್ಬಿಸಿ ಶೆಡ್ಡು ಕೆಡವಿದ್ರು. ಅಲ್ಲಿ ಇದ್ದವ್ರಾಗ ನಮ್ಮ ಉತ್ತರ ಕರ್ನಾಟಕದ ಮಂದಿನೂ ಇದ್ರು. ಓಟಿನ ಕಾರ್ಡು ಕೈಯಾಗ ಹಿಡ್ಕೊಂಡು ನಿಂತ್ರು. ಜೆಸಿಬಿಗೆ ಓದಾಕ ಬರೂದಿಲ್ಲಲ್ಲ. ಹೈಕೋರ್ಟು ನಡುವ ಬಂದು ತಡೀತು, ಖರೆ. ಅಷ್ಟರಾಗ ತಗಡು, ಪಾತ್ರಿ, ಮಕ್ಕಳ ಪಾಟಿಚೀಲ ಎಲ್ಲಾ ಮಣ್ಣಾಗಿತ್ತು. ಸಹಿ ಹಾಕೂದು ಬಿಡೂದು ನಿನಗ ಬಿಟ್ಟದ್ದು. ಆದ್ರ ಆ ಹಾಳ್ಯಾಗ ಏನು ಬರದಾರ ಅಂತ ಒಂದ್ಸಲ ಪೂರ್ತಿ ಓದು.

ತುಮಕೂರಿನಿಂದ

ನಾನು ಆಹಾರ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಗಂಟು ಬಿದ್ದಿವೆ. ಅದನ್ನು ಬಿಡಿಸುವಷ್ಟು ಮಾತ್ರ ಬರೆಯುತ್ತೇನೆ.

ಶೆಡ್ಡಿನವರು ರೇಷನ್ ತರುತ್ತಾರೆ ಎಂದಿರಿ. ತರಬಹುದು. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು. 2022ರ ಜೂನ್‌ನಲ್ಲಿ ಕೊನೆಯದಾಗಿ ಸೇರಿದ್ದು ಅಸ್ಸಾಂ. ಅಲ್ಲಿನ ಕಾರ್ಡಿದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಆದರೆ ಸಿಗುವುದು 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಕೇಂದ್ರ ಕೊಡುವ ಪಾಲು, ತಲೆಗೆ 5 ಕೆಜಿ. ರಾಜ್ಯ ಅನ್ನಭಾಗ್ಯದಲ್ಲಿ ತನ್ನ ಖರ್ಚಿನಿಂದ ಸೇರಿಸುವ ಪಾಲು ಅವರಿಗೆ ಬರುವುದಿಲ್ಲ. ಇಲ್ಲಿ ಎತ್ತಿದ ತಿಂಗಳು ಅದೇ ಪಾಲನ್ನು ಅವರ ಊರಿನ ಅಂಗಡಿಯಲ್ಲಿ ಮತ್ತೆ ಎತ್ತಲಿಕ್ಕೂ ಆಗುವುದಿಲ್ಲ.

ಹಾಗಾದರೆ ಸುಳ್ಳು ವಿಳಾಸ ಕೊಟ್ಟು ಕರ್ನಾಟಕದ ಕಾರ್ಡನ್ನೇ ಮಾಡಿಸಿಕೊಂಡವರು ಇಲ್ಲವೇ? ಇಲ್ಲವೆಂದರೆ ಆತ್ಮವಂಚನೆಯಾದೀತು. ಅದು ನಡೆಯುವ ದಾರಿ ಹೀಗೆ: ದಲ್ಲಾಳಿಯೊಬ್ಬ ಬಾಡಿಗೆ ಕರಾರು ಬರೆಸುತ್ತಾನೆ, ಗೆಜೆಟೆಡ್ ಅಧಿಕಾರಿಯ ಸೀಲು ಬಿದ್ದ ವಿಳಾಸದ ಪತ್ರ ತರುತ್ತಾನೆ, ಆಧಾರ್ ಆಗುತ್ತದೆ. ಆಮೇಲೆ ಒಂದೊಂದೇ ಬಾಗಿಲು ತೆರೆಯುತ್ತದೆ. ಆ ಸೀಲು ಒತ್ತಿದ ಕೈ ಗಡಿಯಾಚೆಯದಲ್ಲ, ಇಲ್ಲಿಯದೇ. ಆಧಾರ್ ಸಿಗುವುದು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರಿಗೆ. ಅದು ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಆದರೂ ನಮ್ಮ ಯೋಜನೆಗಳೆಲ್ಲ ಮೊದಲು ಕೇಳುವುದು ಅದನ್ನೇ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ನೋಡುವುದು ಕರ್ನಾಟಕದ ವಿಳಾಸ ಇದೆಯೋ ಇಲ್ಲವೋ ಅಷ್ಟೆ, ಪಾಪ, ಅವರು ಇನ್ನೇನು ನೋಡಿಯಾರು?

ನಿಮ್ಮ ತಾಯಿಯ ಕಾರ್ಡಿನ ಕತೆಯೇ ಬೇರೆ. ವರ್ಷಕ್ಕೆ 1.20 ಲಕ್ಷಕ್ಕಿಂತ ಹೆಚ್ಚು ಆದಾಯ, ಆದಾಯ ತೆರಿಗೆ, ಸರ್ಕಾರಿ ನೌಕರಿ ಹೀಗೆ ಬೇರೆ ಬೇರೆ ಇಲಾಖೆಗಳ ದತ್ತಾಂಶ ತಾಳೆ ಹಾಕಿ ಕಂಪ್ಯೂಟರ್ ಪಟ್ಟಿ ಮಾಡುತ್ತದೆ. 2024ರ ನವೆಂಬರ್‌ನಲ್ಲಿ ಹಾಗೆ ರಾಶಿ ರಾಶಿ ಕಾರ್ಡು ಬದಲಾದಾಗ ರಾಜ್ಯವೆಲ್ಲ ಗಲಾಟೆಯೆದ್ದಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸು ಕೊಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಇನ್ನೂ ಒಂದು ಮಾತು. ಇಂತಿಷ್ಟೇ ಜನರಿಗೆ ಎಂದು ಕೇಂದ್ರ ಕಟ್ಟಿದ ಮಿತಿ 2011ರ ಜನಗಣತಿಯ ಲೆಕ್ಕದ್ದು. ಆಮೇಲೆ ಬಡವಾದವರು, ಹುಟ್ಟಿದವರು ಎಲ್ಲ ಅದರೊಳಗೇ ತೂರಿಕೊಳ್ಳಬೇಕು. ನಿಮ್ಮ ಕೋಪ ಅಲ್ಲಿಗೂ ಒಂದಿಷ್ಟು ಹೋಗಲಿ ಎಂದು ಈ ಮುದುಕನ ಕೋರಿಕೆ.

ಸೋಮವಾರಪೇಟೆಯಿಂದ

ನಮ್ಮ ಕೊಡಗಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ತೋಟದ ಕೆಲಸದವರಿಗೆಂದು ಕಟ್ಟಿದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಬಂಗಾಳದ ಹುಡುಗರೇ ಹೆಚ್ಚು. ‘ಸಂತೆಗೆ ಹೋದರೆ ನಮ್ಮ ಭಾಷೆಯೇ ಕೇಳಿಸುವುದಿಲ್ಲ, ಇವರೆಲ್ಲ ಬಾಂಗ್ಲಾದವರು’ ಎಂದು ಬೆಳೆಗಾರರ ಸಭೆಯಲ್ಲಿ ಗುಡುಗಿದವರೇ ಸಂಜೆ ಏಜೆಂಟನಿಗೆ ಫೋನ್ ಮಾಡಿ ‘ಇಪ್ಪತ್ತು ಜನ ಬೇಕು, ನಾಳೆಯೇ’ ಎನ್ನುತ್ತಾರೆ. ನಾನೂ ಬೆಳೆಗಾರನೇ, ಹಾಗಾಗಿ ಹೇಳುತ್ತಿದ್ದೇನೆ. ಪೊಲೀಸರು ಕೆಲಸದವರ ವಿವರ ಕೇಳಿದರೆ ಆಧಾರ್ ಜೆರಾಕ್ಸ್ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಅಸಲಿಯೋ ನಕಲಿಯೋ ನೋಡುವ ವ್ಯವಧಾನ ಯಾರಿಗೂ ಇಲ್ಲ, ಹಣ್ಣು ಉದುರುತ್ತಿರುತ್ತದೆ.

ಇನ್ನೊಂದು ಹೇಳಬೇಕು. ತಲೆತಲಾಂತರದಿಂದ ಇಲ್ಲೇ ಇರುವ ಎರವರು, ಜೇನುಕುರುಬರು ಲೈನ್ ಮನೆ ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲು ಕೆಡವಿದರು. ಅವರಲ್ಲಿ ಎಷ್ಟೋ ಜನರಿಗೆ ಆಗ ರೇಷನ್ ಕಾರ್ಡೂ ಇರಲಿಲ್ಲ, ಆಧಾರೂ ಇರಲಿಲ್ಲ. ಹೊರಗಿನಿಂದ ಬಂದವನು ದುಡ್ಡು ಕೊಟ್ಟು ಕಾಗದ ಮಾಡಿಸುತ್ತಾನೆ, ಕಾಡಿನ ಮಗ ಕಾಗದವಿಲ್ಲದೆ ಕೂರುತ್ತಾನೆ. ಇದಕ್ಕೆ ಯಾರ ಮೇಲೆ ದೂರು ಕೊಡುವುದೋ ನನಗಂತೂ ಹೊಳೆದಿಲ್ಲ.

ಬೈಂದೂರಿನಿಂದ

ನನ್ನ ಅಣ್ಣ ಸೌದಿಯಲ್ಲಿದ್ದರು. ಕಫೀಲ, ಅಂದರೆ ಅಲ್ಲಿ ಕೆಲಸಕ್ಕೆ ಕರೆಸಿಕೊಂಡ ಮಾಲೀಕ, ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಿಸಲಿಲ್ಲ. ಹೀಗಾಗಿ ಕಾಗದದ ಲೆಕ್ಕದಲ್ಲಿ ಅವರೂ ಅಕ್ರಮವಾಗಿ ಉಳಿದವರೇ. ಜ್ವರ ಬಂದರೂ ಆಸ್ಪತ್ರೆಗೆ ಹೋಗುವಂತಿರಲಿಲ್ಲ. 2017ರಲ್ಲಿ ಅಲ್ಲಿನ ಸರ್ಕಾರ ಕ್ಷಮಾದಾನ ಘೋಷಿಸಿದಾಗ ಊರಿಗೆ ಮರಳಲು ಕೊಡುವ ಔಟ್‌ಪಾಸ್ ಹಿಡಿದು ಬಂದರು. ಯುಎಇಯಲ್ಲಿ 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಹೀಗೇ ಬಿಟ್ಟಾಗ ನಮ್ಮ ಕಡೆಯವರು ಎಷ್ಟು ಜನ ಮರಳಿದರೋ! ಅಣ್ಣ ವೀಸಾ ತೆಗೆದುಕೊಂಡು ಹೋದವರು, ರಾತ್ರಿ ಬೇಲಿ ನುಸುಳಿದವರಲ್ಲ, ಆ ವ್ಯತ್ಯಾಸ ನನಗೂ ಗೊತ್ತು. ಅಲ್ಲಿ ಯಾರೂ ಅವರಿಗೆ ಅಕ್ಕಿ ಕೊಡಲಿಲ್ಲ ಎಂಬುದೂ ಗೊತ್ತು. ಆದರೂ ನನ್ನಿಂದ ಅಂಥ ಸಹಿ ಸಾಧ್ಯವಿಲ್ಲ ಮಾರಾಯ್ರೆ. ನೀವು ಹಾಕಿದರೆ ನಿಮ್ಮನ್ನು ಬೈಯುವುದೂ ಇಲ್ಲ.

ಮೈಸೂರಿನಿಂದ

ವಕೀಲೆಯಾಗಿ ನನ್ನ ಸಲಹೆ: ಈಗಿರುವ ದೂರಿಗೆ ಸಹಿ ಹಾಕಬೇಡಿ, ಅದನ್ನು ತಿದ್ದಿಸಿ ಹಾಕಿ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಆದರೆ ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊಣೆ ಹಿಂದಿನಂತೆ ಆ ವ್ಯಕ್ತಿಯ ಮೇಲೇ ಇದೆ. ಕಳ್ಳತನದ ಆರೋಪದಲ್ಲಿ ಪೊಲೀಸರು ಪುರಾವೆ ತರಬೇಕು, ಇಲ್ಲಿ ನಿಮ್ಮ ಮನೆಯ ಕೆಲಸದ ಹುಡುಗಿ ತರಬೇಕು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಎನ್‌ಆರ್‌ಸಿ, ಅಂದರೆ ಪೌರರ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಒಂದೇ ಮನೆಯಲ್ಲಿ ಕೆಲವರ ಹೆಸರಿತ್ತು, ಕೆಲವರದು ಇರಲಿಲ್ಲ. ವರ್ಷಗಟ್ಟಲೆ ಕಾಗದ ಪರಿಶೀಲಿಸಿದ ಮೇಲೂ ಸ್ಥಿತಿ ಅದು. ಬಡಾವಣೆಯ ವಾಟ್ಸಾಪ್ ಗುಂಪು ಮಾತು ಕೇಳಿ ತೀರ್ಮಾನಿಸುವುದು ಹೇಗೆ?

ಹಾಗೆಂದು ಸುಮ್ಮನಿರಬೇಕಿಲ್ಲ. ‘ಬಾಂಗ್ಲಾದವರು’ ಎಂಬ ಪದ ತೆಗೆಸಿ. ಸೈಟು ಯಾರದು, ಶೆಡ್ಡಿಗೆ ಬಾಡಿಗೆ ಎತ್ತುತ್ತಿರುವವರು ಯಾರು, ಕರೆಂಟು ಯಾರ ಮೀಟರಿನದು, ಕೆಲಸ ಕೊಟ್ಟ ಗುತ್ತಿಗೆದಾರ ಯಾರು ಎಂದು ಕೇಳಿ. ಯಾವುದಾದರೂ ಸುಳ್ಳು ದಾಖಲೆಯನ್ನು ಕಣ್ಣಾರೆ ಕಂಡಿದ್ದರೆ ಅದನ್ನೂ ಬರೆಯಿರಿ. ಆಗ ಎಷ್ಟು ಜನ ಸಹಿ ಹಿಂತೆಗೆದುಕೊಳ್ಳುತ್ತಾರೆ ನೋಡಿ. ಸೈಟಿನ ಮಾಲೀಕರೂ ಅದೇ ಗುಂಪಿನಲ್ಲಿರಬಹುದು.

ಮಂಡ್ಯ ಜಿಲ್ಲೆಯಿಂದ

ನಾನು ಗ್ರಾಮ ಒನ್ ಕೇಂದ್ರದಲ್ಲಿ ಕೂರುವವನು, ಸಹಿ ವಿಷಯ ದೊಡ್ಡವರು ಹೇಳಲಿ. ಅಕ್ಕ, ಅಮ್ಮನ ಕಾರ್ಡಿನಲ್ಲಿ ಯಾರ್ಯಾರ ಹೆಸರಿದೆ ಅಂತ ನೋಡಿದ್ರಾ? ನಿಮ್ಮ ಅಣ್ಣತಮ್ಮಂದಿರ ಹೆಸರು ಇನ್ನೂ ಅದರಲ್ಲೇ ಉಳಿದಿರಬಹುದು. ಅವರು ಬ್ಯಾಂಕ್ ಸಾಲಕ್ಕೆಂದು ರಿಟರ್ನ್ ಹಾಕಿದ್ದರೆ, ಒಂದು ರೂಪಾಯಿ ತೆರಿಗೆ ಕಟ್ಟದಿದ್ದರೂ ಕಾರ್ಡು ಪಟ್ಟಿಗೆ ಬೀಳುತ್ತದೆ. ನಮ್ಮ ಕೇಂದ್ರಕ್ಕೆ ಅಳುತ್ತಾ ಬರುವವರಲ್ಲಿ ಬಹಳ ಜನರದ್ದು ಇದೇ ಕತೆ. ಬೇರೆ ಸಂಸಾರ ಮಾಡಿಕೊಂಡಿರುವವರ ಹೆಸರು ತೆಗೆಸಿ. ಅಮ್ಮನ ಹೆಸರಿಗೆ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿ, ತಾಲ್ಲೂಕು ಕಚೇರಿಯಲ್ಲಿ ಆಹಾರ ನಿರೀಕ್ಷಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸಕೊಳ್ಳಿ. ಅಲ್ಲೂ ಆಗದಿದ್ದರೆ 1967ಕ್ಕೆ ಫೋನ್ ಮಾಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಎಪಿಎಲ್ ಆದರೂ ಬರಬೇಕು. ಅದೂ ನಿಂತಿದ್ದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಬೇರೆಯೇ ಹೋಗಬೇಕು. ಅಮ್ಮನನ್ನು ಕರೆದುಕೊಂಡು ಬರುವಾಗ ಸೋಮವಾರ ಬರಬೇಡಿ, ಸರ್ವರ್ ಸಿಗಲ್ಲ.