ಬೆಳಗಿನ ಜಾವ ನೀರ ಮೇಲೆ ಬಾಯಿ ಬಿಡುವ ದೊಡ್ಡ ಕಾಟ್ಲಾ ಗಾಳ ಮುಟ್ಟುತ್ತಿಲ್ಲ, ತಪ್ಪೆಲ್ಲಿ?

ಏರಿಮೇಲಿನವ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯವನು. ನಮ್ಮೂರ ಕೆರೆ 2022ರ ಮಳೆಗೆ ಕೋಡಿ ಬಿದ್ದಿತ್ತು. ಅದಾದ ಮೇಲೆ ಪೂರ್ತಿ ಬತ್ತಿಲ್ಲ. ಆಗ ಬಿಟ್ಟ ಕಾಟ್ಲಾ ಮೀನಿನ ಮರಿಗಳಲ್ಲಿ ಬಲೆ ತಪ್ಪಿಸಿಕೊಂಡ ಕೆಲವು ಈಗ ಭಾರಿ ಬೆಳೆದಿವೆ. ಅದರಲ್ಲಿ ಒಂದಕ್ಕೆ ಬೆನ್ನ ಮೇಲೆ ಬಿಳಿ ಮಚ್ಚೆ ಇದೆ, ಹಳೇ ಗಾಯ ಇರಬೇಕು. ಹತ್ತು ಕಿಲೋಗೆ ಕಮ್ಮಿ ಇಲ್ಲ ಅಂತ ನನ್ನ ಅಂದಾಜು. ಗಾಳ ಹಾಕುವವನ ಅಂದಾಜು ಇದು, ಒಂದೆರಡು ಕಿಲೋ ಕಳೆದು ಓದಿಕೊಳ್ಳಿ.

ಐದು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ. ದಿನಾ ಬೆಳಿಗ್ಗೆ 5 ಗಂಟೆಗೆ ಹೋಗಿ ತೂಬಿನ ಹತ್ತಿರ ಕೂರುತ್ತೇನೆ. ಏಳೂವರೆಗೆ ಎದ್ದು ಕೆಲಸಕ್ಕೆ ಓಡುತ್ತೇನೆ. ನಾನು ಕೂತ ಜಾಗದಿಂದ ಹದಿನೈದು ಅಡಿ ದೂರದಲ್ಲೇ ಏಳೆಂಟು ದೊಡ್ಡ ಮೀನು ಮೇಲೆ ಬಂದು ಪಚ ಪಚ ಅಂತ ಬಾಯಿ ಬಿಡುತ್ತವೆ. ಮಚ್ಚೆಯದೂ ಅಲ್ಲೇ ಇರುತ್ತದೆ. ಎರೆಹುಳು ಹಾಕಿದೆ, ರಾಗಿ ಮುದ್ದೆ ಹಾಕಿದೆ, ಬ್ರೆಡ್ ಹಾಕಿದೆ. ಮೂಗಿನ ಮುಂದೆ ಬಿದ್ದರೂ ತಿರುಗಿ ನೋಡುವುದಿಲ್ಲ. ಬೆಂಡು ಮಾತ್ರ ಕುಣಿಯುತ್ತಲೇ ಇರುತ್ತದೆ. ಎಳೆದರೆ ಖಾಲಿ ಗಾಳ, ಇಲ್ಲಾಂದ್ರೆ ಅಂಗೈಯಗಲದ ಜಿಲೇಬಿ ಮೀನು.

ರಾಡ್ 9 ಅಡಿ, ದಾರ 0.35 ಮಿಲಿಮೀಟರ್ ನೈಲಾನ್, ಒಂದೇ ಗಾಳ, ಸೀಸದ ಗುಂಡು ಕಟ್ಟಿ ತಳಕ್ಕೆ ಬಿಡುತ್ತೇನೆ. ಮೀನು ಜಾಗಕ್ಕೆ ರೂಢಿಯಾಗಲಿ ಅಂತ ದಿನಾ ಎರಡು ಕಿಲೋ ತೌಡು, ಹಿಂಡಿ ಕಲಸಿ ಎರಚುತ್ತೇನೆ. ಮೊಟ್ಟೆ ಇಡುವ ಕಾಲ ಹತ್ತಿರ ಬಂತು ಅಂತ ಮೇವು ಬಿಟ್ಟಿರಬಹುದಾ? ಕೆರೆ ಹರಾಜು ಹಿಡಿದವರ ಒಪ್ಪಿಗೆ ಇದೆ. ಸಿಕ್ಕಿದ್ದನ್ನು ತೂಗಿ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಅಷ್ಟೇ.

ಹಿನ್ನೀರು

ತಮ್ಮಾ, ಉತ್ತರಕ್ಕೆ ಮೊದಲು ಮೂರು ಪ್ರಶ್ನೆ. ನೀರು ಯಾವ ಬಣ್ಣ ಇದೆ? ಬಾಯಿ ಬಿಡುವ ಮೀನಿನ ಹತ್ತಿರ ಕಲ್ಲು ಹಾಕಿದರೆ ಮೀನು ಕೂಡಲೇ ಮುಳುಗುತ್ತದಾ, ಇಲ್ಲ ನಿಧಾನಕ್ಕೆ ಸರಿಯುತ್ತದಾ? ಬಿಸಿಲು ಏರಿದ ಮೇಲೂ ಅಲ್ಲೇ ಇರುತ್ತದಾ?

ಏರಿಮೇಲಿನವ

ಅಣ್ಣ, ನೀರು ಕಡು ಹಸಿರು. ಕೈ ಮುಳುಗಿಸಿದರೆ ಮೊಣಕೈ ತಲುಪುವ ಮೊದಲೇ ಬೆರಳು ಕಾಣುವುದಿಲ್ಲ. ಇವತ್ತು ಕಲ್ಲು ಹಾಕಿ ನೋಡಿದೆ. ಸುಸ್ತಾದವರ ಹಾಗೆ ಎರಡು ಮಾರು ಸರಿದು ಮತ್ತೆ ಮೇಲೆ ಬಂದವು. ಏಳರ ಹೊತ್ತಿಗೆ ಒಂದೊಂದೇ ಮಾಯ. ಮೋಡ ಇದ್ದ ದಿನ ಮಾತ್ರ ನಾನು ಎದ್ದು ಹೋಗುವಾಗಲೂ ಅಲ್ಲೇ ಇರುತ್ತವೆ.

ಹಿನ್ನೀರು

ಹಾಗಾದರೆ ಗೊತ್ತಾಯಿತು. ಅವು ಮೇಯುತ್ತಿಲ್ಲ, ಉಸಿರು ಕಟ್ಟಿ ಮೇಲೆ ಬರುತ್ತಿವೆ. ಕಡು ಹಸಿರು ನೀರು ಅಂದರೆ ಪಾಚಿ ಜಾಸ್ತಿ ಎಂದರ್ಥ. ಹಗಲು ಬಿಸಿಲಿಗೆ ಅದು ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಕೊಡುವುದು ನಿಲ್ಲುತ್ತದೆ. ಅದೇ ಪಾಚಿ, ಮೀನು, ತಳದ ಕೆಸರು ಎಲ್ಲಾ ಸೇರಿ ಇದ್ದದ್ದನ್ನು ಖಾಲಿ ಮಾಡುತ್ತವೆ. ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಅತಿ ಕಮ್ಮಿ. ಬೇಸಿಗೆಯಲ್ಲಿ ನೀರು ಕಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಕಮ್ಮಿ. ಮೋಡ ಇದ್ದ ದಿನ ತಡವಾಗಿ ಇಳಿಯುವುದೂ ಇದಕ್ಕೇ. ನೀನು ಐದು ವಾರ ಸರಿಯಾದ ಮೀನಿನ ಮುಂದೆ ತಪ್ಪು ಹೊತ್ತಿನಲ್ಲಿ ಕೂತಿದ್ದೀಯ.

ಬೇಜಾರು ಮಾಡಿಕೊಳ್ಳಬೇಡ, ಎರಚಿದ ತೌಡಿನಿಂದ ನೀನೂ ಅದಕ್ಕೆ ಸ್ವಲ್ಪ ಕೈ ಸೇರಿಸಿದ್ದೀಯ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವುದಕ್ಕೂ ಆಮ್ಲಜನಕ ಬೇಕು. ಇಡೀ ಕೆರೆ ಕೆಡುವಷ್ಟಲ್ಲ, ಆದರೆ ತೂಬಿನ ಮೂಲೆಯ ನಿಂತ ನೀರಿಗೆ ಒಳ್ಳೆಯದಲ್ಲ. ಅದರ ಮೇಲೆ ಸುತ್ತಮುತ್ತಲ ಜಿಲೇಬಿಗೆಲ್ಲ ದಿನಾ ಊಟ ಹಾಕಿ ಕರೆದ ಹಾಗಾಯಿತು. ಒಂದು ವಾರ ಎರಚುವುದು ನಿಲ್ಲಿಸು.

ಮೊಟ್ಟೆಯ ವಿಚಾರ ಬಿಡು. ಕಾಟ್ಲಾ ಗಂಗೆಯ ಕಡೆಯ ಮೀನು, ಮಳೆಗಾಲದಲ್ಲಿ ಹರಿಯುವ ಹೊಳೆಯಲ್ಲೇ ಮೊಟ್ಟೆ ಇಡುವುದು. ನಿಂತ ಕೆರೆಯಲ್ಲಿ ಹೊಟ್ಟೆ ತುಂಬಿದರೂ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಕಾಟ್ಲಾ ಸೇರುವ ಗೆಂಡೆ ಜಾತಿಯ ಮೀನುಗಳಿಗೆ ಪಿಟ್ಯುಟರಿ (ಮಿದುಳಿನ ಬುಡದ ಗ್ರಂಥಿ) ರಸ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆ ತಾನೇ ಊರೂರ ಕೆರೆಗೆ ಮರಿ ಸಲೀಸಾಗಿ ಸಿಗಲು ಶುರುವಾಗಿದ್ದು. ನಿನ್ನ ಮಚ್ಚೆಯದೂ ಒಂದು ಕಾಲಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಬೆರಳುದ್ದದ ಮರಿಯೇ.

ಇನ್ನು ಗಾಳ. ಕಾಟ್ಲಾದ ಮುಖ ನೋಡು. ತಲೆ ದೊಡ್ಡದು, ಮೀಸೆ ಇಲ್ಲ, ಕೆಳದವಡೆ ಮೇಲಕ್ಕೆ ತಿರುಗಿದೆ. ತಳದಲ್ಲಿ ಕೆದಕುವ ಬಾಯಿ ಅಲ್ಲ ಅದು. ನೀರನ್ನು ಬಾಯಿಗೆ ಎಳೆದು, ಕಿವಿರಿನಲ್ಲಿ ಸೋಸಿ, ಅದರಲ್ಲಿರುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಅಂಥದಕ್ಕೆ ತಳದಲ್ಲಿ ಎರೆಹುಳು ಬಿಟ್ಟು ಕೂತರೆ ಹೇಗೆ? ಉದುರುವ ಹಿಟ್ಟಿನ ಉಂಡೆ ಬೇಕು, ಅದೂ ನಡುನೀರಿನಲ್ಲಿ. ಹತ್ತು ಅಡಿ ಆಳ ಇದ್ದರೆ ಮೇಲಿನಿಂದ ಮೂರ್ನಾಲ್ಕು ಅಡಿಗೆ ನಿಲ್ಲಿಸು. ಕಾಟ್ಲಾ ಸ್ಪ್ರಿಂಗ್ ಅಂತ ಅಂಗಡಿಯಲ್ಲಿ ಸಿಗುತ್ತದೆ, ಸುತ್ತ ನಾಲ್ಕೈದು ಸಣ್ಣ ಗಾಳ ನೇತಾಡುತ್ತಿರುತ್ತವೆ. ಸ್ಪ್ರಿಂಗಿನ ಸುತ್ತ ಹಿಟ್ಟು ಒತ್ತಿ, ಗಾಳಗಳನ್ನು ಅದರಲ್ಲೇ ಹುದುಗಿಸಬೇಕು. ಮೀನು ಉದುರುವ ಪುಡಿ ಹೀರುತ್ತಾ ಗಾಳವನ್ನೂ ಹೀರುತ್ತದೆ.

ಹಿಟ್ಟಿಗೆ ಹುರಿಗಡಲೆ ಪುಡಿ, ಕಡಲೆಕಾಯಿ ಹಿಂಡಿ ಪುಡಿ, ಬ್ರೆಡ್, ಒಂದು ಕಳಿತ ಬಾಳೆಹಣ್ಣು ಸಾಕು. ಹದ ಮುಖ್ಯ. ಮುದ್ದೆಯ ಹಾಗೆ ಗಟ್ಟಿಯಾದರೆ ಕೆಟ್ಟಿತು, ಉದುರುದುರು ಉಪ್ಪಿಟ್ಟಿನ ಹಾಗಿರಬೇಕು. ಮನೆಯಲ್ಲೇ ಬಕೆಟ್ ನೀರಿಗೆ ಒಂದು ಉಂಡೆ ಬಿಡು. ಹತ್ತು ಹದಿನೈದು ನಿಮಿಷದಲ್ಲಿ ಬಿಚ್ಚಿಕೊಂಡರೆ ಸರಿ.

ಮಳೆನೀರು

ಹಿನ್ನೀರು ಹೇಳಿದ್ದು ಬಹಳ ಮಟ್ಟಿಗೆ ಸರಿ ಮಾರಾಯ್ರೆ, ಆದರೆ ನಡುನೀರು ಅಂತ ಹಟ ಬೇಡ. ಚಳಿಗಾಲದಲ್ಲಿ ನಾನು ತಳಕ್ಕೆ ಒಂದಡಿ ಮೇಲೆ ಇಟ್ಟೇ ಎರಡು ಕಾಟ್ಲಾ ಹಿಡಿದಿದ್ದೇನೆ. ಎರಡು ರಾಡ್ ಇದ್ದರೆ ಬೇರೆ ಬೇರೆ ಆಳಕ್ಕೆ ಬಿಡಿ, ಮೀನೇ ಹೇಳುತ್ತದೆ.

ಜಾಗವನ್ನೂ ಬದಲಿಸಿ. ಬೆಳಿಗ್ಗೆ ಹತ್ತರ ಮೇಲೆ ಗಾಳಿ ಯಾವ ದಡಕ್ಕೆ ಹೊಡೆಯುತ್ತದೆ ನೋಡಿ. ಸಣ್ಣ ಅಲೆ ಬಡಿಯುವ ದಡದ ನೀರು ಕಲಕುತ್ತದೆ, ಗಾಳಿ ಸೇರುತ್ತದೆ, ತೇಲುವ ಮೇವೂ ಅಲ್ಲೇ ಬಂದು ಗುಡ್ಡೆ ಬೀಳುತ್ತದೆ. ದಡದ ಅಂಚಿಗೆ ಹಾಕಬೇಡಿ, ಜಿಲೇಬಿ ಗುಂಡಿ ತೋಡಿಕೊಂಡು ಇರುವುದೇ ಅಲ್ಲಿ. ಇಪ್ಪತ್ತು ಮೀಟರ್ ಆಚೆ ಎಸೆಯಿರಿ.

ಏರಿಮೇಲಿನವ

ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ಪೂರ್ವದ ದಡದಲ್ಲಿ ಕೂತೆ. ಹತ್ತೂವರೆಗೆ ಬೆಂಡು ಸ್ವಲ್ಪ ನಡುಗಿತು, ಹಾಗೇ ಒಂದು ಕಡೆ ನಡೆಯಲು ಶುರುವಾಯಿತು. ರಾಡ್ ಎತ್ತಿದ ಕೂಡಲೇ ಕೈ ತುಂಬಾ ಭಾರ. ಒಂದೇ ಓಟ, ಎಂಟು ಹತ್ತು ಸೆಕೆಂಡ್ ಇರಬಹುದು, ಆಮೇಲೆ ದಾರ ಸಡಿಲ. ಸ್ಪ್ರಿಂಗ್ ಸಮೇತ ಹೋಯಿತು. ಬಾಯಲ್ಲಿ ನಾಲ್ಕು ಗಾಳ ಇಟ್ಟುಕೊಂಡು ಹೋಯಿತಲ್ಲ ಅಂತ ಅವತ್ತು ಊಟ ಸೇರಲಿಲ್ಲ. ದಾರ ಹಳೆಯದೇನಲ್ಲ. ಇನ್ನೂ ದಪ್ಪದ್ದು ಹಾಕಲಾ?

ಮಳೆನೀರು

ಹೊಸ ದಾರಕ್ಕೆ ದುಡ್ಡು ಹಾಕುವ ಮೊದಲು ಉಳಿದ ದಾರದ ತುದಿ ನೋಡಿ. ಹೀರೆ ಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿದೆಯಾ? ಒರಟಾಗಿ ತರಚಿದೆಯಾ? ಇಲ್ಲ ನೇರವಾಗಿ ಕಡಿದ ಹಾಗಿದೆಯಾ?

ಏರಿಮೇಲಿನವ

ಸುರುಳಿ. ನೀವು ಹೇಳಿದ ಹೀರೆ ಕುಡಿಯೇ.

ಮಳೆನೀರು

ಹಾಗಿದ್ದರೆ ದಾರ ಹರಿದಿಲ್ಲ, ಗಂಟು ಜಾರಿದೆ. ತರಚಿದ್ದರೆ ಕಲ್ಲಿಗೆ ಉಜ್ಜಿದೆ ಅನ್ನಬಹುದಿತ್ತು. ನೈಲಾನ್ ಗಂಟನ್ನು ಒಣಗಿದ್ದಾಗಲೇ ಜಗ್ಗಿ ಬಿಗಿದರೆ ಉಜ್ಜಿ ಬಿಸಿಯಾಗುತ್ತದೆ, ಅಲ್ಲೇ ಸೊರಗುತ್ತದೆ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ, ಐದಾರು ಸುತ್ತು ಇರಲಿ, ತುದಿಯನ್ನು ತೀರಾ ಬುಡಕ್ಕೆ ಕತ್ತರಿಸಬೇಡಿ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಹಿಡಿತ, ಜಾಸ್ತಿ ಬಿಗಿ ಇತ್ತು ಅಂತಲೂ ನನ್ನ ಅನುಮಾನ. ಎರಡು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರಕ್ಕೆ ಕಟ್ಟಿ ರಾಡ್ ಎತ್ತಿ ನೋಡಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲ್ ದಾರ ಬಿಡಬೇಕು. 0.35ಕ್ಕೆ ಅಷ್ಟು ಸಾಕು. ಮೀನು ಓಡುವಾಗ ಓಡಲಿ, ನಿಂತಾಗ ಸುತ್ತಿ. ದಡಕ್ಕೆ ಬಂದಾಗ ದಾರ ಹಿಡಿದು ಎತ್ತಬೇಡಿ, ಅಗಲ ಬಾಯಿಯ ಕೈಬಲೆ ಇಟ್ಟುಕೊಳ್ಳಿ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು, ಗಾಳದ ಕೊಕ್ಕೆಯೊಳಗಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ದಾರ ಬಿಗಿ ಇದ್ದರೆ ಮೀನು ತಪ್ಪುವುದಿಲ್ಲ. ತಪ್ಪಿದರೂ ಅದು ಗಾಳ ಉದುರಿಸಿಕೊಂಡು ಬದುಕುತ್ತದೆ, ನೀವೂ ಊಟ ಮಾಡಬಹುದು.

ಏರಿಮೇಲಿನವ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಡುವೆ ಎರಡು ಭಾನುವಾರ ಏನೂ ಇಲ್ಲ. ಒಂದು ಭಾನುವಾರ ಮಾವನ ಮನೆ ಹಬ್ಬ, ಅಲ್ಲೂ ಗಮನ ಕೆರೆ ಕಡೆಗೇ ಇತ್ತು ಅಂತ ಮನೆಯವಳು ಬೈದಳು.

ಎರಚುವುದು ನಿಲ್ಲಿಸಿದ್ದೇನೆ. ಮೊನ್ನೆ ರಜೆ ಹಾಕಿ ಹೋದೆ. ಬೆಳಿಗ್ಗೆ ಆರಕ್ಕೆ ಮಚ್ಚೆಯದು ತೂಬಿನ ಹತ್ತಿರ ಬಾಯಿ ಬಿಡುತ್ತಿತ್ತು. ಗಾಳ ಬಿಚ್ಚಲೇ ಇಲ್ಲ. ಟೀ ಕುಡಿದು, ಹಿಟ್ಟು ಕಲಸಿ, ಪೂರ್ವದ ದಡಕ್ಕೆ ಹೋಗಿ ಕೂತೆ. ಗಾಳಿ ಬಂದಿದ್ದೇ ಹತ್ತಕ್ಕೆ. ಒಂದು ರಾಡ್ ನಾಲ್ಕು ಅಡಿಗೆ, ಇನ್ನೊಂದು ಎಂಟು ಅಡಿಗೆ. ಹನ್ನೊಂದೂಕಾಲಿಗೆ ನಾಲ್ಕು ಅಡಿಯದರ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿತು. ಏನೋ ಎಂದು ಒಂದು ಕ್ಷಣ ಬಿಟ್ಟೆ. ರೀಲ್ ಕಿರ್ ಎಂದಿತು. ಈ ಸಲ ಓಡಲು ಬಿಟ್ಟೆ. ನಾಲ್ಕು ಓಟ, ಇಪ್ಪತ್ತು ನಿಮಿಷ. ಹರಾಜು ಹಿಡಿದವರ ಹುಡುಗ ಕೈಬಲೆ ಹಾಕಿದ. ತೂಗಿದರೆ 6 ಕಿಲೋ 400 ಗ್ರಾಂ. ಬೆನ್ನು ಸವರಿ ನೋಡಿದೆ, ಮಚ್ಚೆ ಇಲ್ಲ. ಅದು ಇದಲ್ಲ. ದುಡ್ಡು ಕೊಟ್ಟು ಮನೆಗೆ ತಂದೆ, ತಲೆ ಸಾರೇ ಎರಡು ಹೊತ್ತು ಬಂತು.

ಒಂದು ಅನುಮಾನ. ಬೆಂಡು ಅಡ್ಡ ಮಲಗಿದ್ದು ಯಾಕೆ?

ಹಿನ್ನೀರು

ಭೇಷ್ ತಮ್ಮಾ. ಉಂಡೆ ಬಾಯಲ್ಲಿಟ್ಟುಕೊಂಡು ಮೀನು ಮೇಲಕ್ಕೆ ಬಂದಿದೆ. ಭಾರ ಹೋದ ಮೇಲೆ ಬೆಂಡು ಮಲಗದೆ ಏನು ಮಾಡುತ್ತದೆ? ನೀನು ಆ ಒಂದು ಕ್ಷಣ ಬಿಟ್ಟೆಯಲ್ಲ, ಅದೇ ಸರಿ. ದಾರ ಬಿಗಿಯಾಗುವ ತನಕ ಕೈ ಹಾಕಬೇಡ.

ಮಚ್ಚೆಯದಕ್ಕೆ ದಾರ ಹೊಸದಾಗಿ ಸುತ್ತಿಕೋ. ಮೊನ್ನೆ ಎಳೆದಾಡಿದ ಮೊದಲ ಎರಡು ಮಾರು ಕತ್ತರಿಸಿ ಬಿಸಾಕು. ಮಳೆ ಹಿಡಿದು ಹೊಸ ನೀರು ಬಂದರೆ ಈ ಹೊತ್ತು, ಈ ದಡ ಎಲ್ಲಾ ಬದಲಾಗುತ್ತದೆ. ಆಗ ಹಳ್ಳ ಕೆರೆಗೆ ಸೇರುವ ಬಾಯಿಯ ಹತ್ತಿರ ಹೋಗಿ ನೋಡು.